‘ಮಿಸ್, ಒಂದಕ್ಕೆ’: ಶಾಲೆಯಲ್ಲೇ ಒಂದು ರಾತ್ರಿಯ ಶಿಬಿರಕ್ಕೆ ಮಕ್ಕಳ ತಯಾರಿ

ಶಿಬಿರ ಅಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಮಾತು ಶುರುವಾಗುವುದು ಶಾಮಿಯಾನ, ಮೈಕ್ ಸೆಟ್, ಊಟಕ್ಕೆ ಸಿಹಿ ಏನು, ಉದ್ಘಾಟನೆಗೆ ಯಾರನ್ನು ಕರೆಯೋಣ ಎಂಬಲ್ಲಿಂದ. ರಾತ್ರಿ ಹತ್ತೂವರೆಯ ಮೇಲೆ ಇವ್ಯಾವುವೂ ನೆರವಿಗೆ ಬರುವುದಿಲ್ಲ. ಆಗ ಎದುರಾಗುವುದು ಒಂದಕ್ಕೆ ಹೋಗಬೇಕೆಂದು ಹೇಳಲಾಗದೆ ಹೊದಿಕೆಯೊಳಗೆ ಮುದುಡಿಕೊಂಡ ಮಗು. ಅಮ್ಮನ ನೆನಪಾಗುತ್ತಿದೆ ಅನ್ನಲು ನಾಚಿ ಹೊಟ್ಟೆನೋವು ಅನ್ನುವ ಮಗು. ಪಕ್ಕದವನು ಕಂಬಳಿ ಎಳೆದುಕೊಂಡನೆಂದು ಬೆಳಗಿನ ತನಕ ಚಳಿಯಲ್ಲಿ ಎಚ್ಚರವಿರುವ ಮಗು. ಮೂರೂ ಮಕ್ಕಳ ತೊಂದರೆ ಒಂದೇ. ಬಾಯಿ ಬಿಟ್ಟು ಕೇಳಲು ಬಂದಿಲ್ಲ. ಹಾಗಾಗಿ ಶಿಬಿರದ ತಯಾರಿಯ ದೊಡ್ಡ ಪಾಲು ನಡೆಯಬೇಕಾದದ್ದು ಕನ್ನಡದ ಪಿರಿಯಡ್ಡಿನಲ್ಲಿ, ಅಂಗಳದಲ್ಲಲ್ಲ.

ಮುಂದಿನ ಲೆಕ್ಕಗಳೆಲ್ಲ ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 4 ಮತ್ತು 5ನೇ ತರಗತಿಯ 30 ಮಕ್ಕಳು, ಐವರು ದೊಡ್ಡವರು, ಶಾಲೆಯ ಆವರಣದಲ್ಲೇ ಒಂದು ರಾತ್ರಿ ಎಂದು ಇಟ್ಟುಕೊಂಡು ಬರೆದದ್ದು. ಮೊದಲ ಸಲಕ್ಕೆ ಶಾಲೆಗಿಂತ ಒಳ್ಳೆಯ ಜಾಗ ಇಲ್ಲ. ಹಗಲಲ್ಲಿ ಮಕ್ಕಳಿಗೆ ಅದರ ಮೂಲೆಮೂಲೆ ಗೊತ್ತು. ಹೊಸತಾಗಿರುವುದು ಕತ್ತಲು ಮಾತ್ರ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ವಾಗಲಿ, ಕೊಂಡಜ್ಜಿ ಅಥವಾ ದೊಡ್ಡಬಳ್ಳಾಪುರದ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ತಾಣಗಳಾಗಲಿ ಮುಂದಿನ ವರ್ಷಕ್ಕೆ ಇರಲಿ. ಜಾಗವೂ ಹೊಸತು, ಊಟವೂ ಹೊಸತು, ಕತ್ತಲೂ ಹೊಸತಾದರೆ ಒಂಬತ್ತು ವರ್ಷದ ಮಗು ಯಾವುದನ್ನೆಂದು ಸಂಭಾಳಿಸೀತು?

ದಿನ ಗೊತ್ತು ಮಾಡುವಾಗ ರಜಾ ಪಟ್ಟಿಯ ಜೊತೆಗೆ ಪಂಚಾಂಗವನ್ನೂ ನೋಡಬೇಕು. ಜನವರಿ ಕೊನೆಯಿಂದ ಫೆಬ್ರವರಿ ನಡುವಿನ ಒಂದು ಶನಿವಾರ ಅನುಕೂಲ: ಅರ್ಧ ದಿನದ ಶಾಲೆ, ಮರುದಿನ ರಜೆ, ಮಳೆಯ ಭಯವಿಲ್ಲ, ಪರೀಕ್ಷೆಯ ಗಡಿಬಿಡಿ ಇನ್ನೂ ದೂರ. ಅದರಲ್ಲೂ ಶುಕ್ಲ ಷಷ್ಠಿಯಿಂದ ಏಕಾದಶಿಯೊಳಗಿನ ಶನಿವಾರ ಸಿಕ್ಕಿದರೆ ಬಿಡಬೇಡಿ. ಅಷ್ಟಮಿಯ ಅರ್ಧ ಚಂದ್ರ ಸಂಜೆಗೆ ನೆತ್ತಿಯ ಹತ್ತಿರ ಇದ್ದು ನಡುರಾತ್ರಿ ಹೊತ್ತಿಗೆ ಮುಳುಗುತ್ತಾನೆ. ಮಕ್ಕಳು ಎಚ್ಚರವಿರುವಷ್ಟು ಹೊತ್ತು ಅಂಗಳದಲ್ಲಿ ನಡೆದಾಡುವಷ್ಟು ಬೆಳದಿಂಗಳು ಇರುತ್ತದೆ, ದೊಡ್ಡ ನಕ್ಷತ್ರಗಳೂ ಕಾಣುತ್ತವೆ. ಹುಣ್ಣಿಮೆಯಲ್ಲಿ ನಕ್ಷತ್ರಗಳು ಮಂಕಾಗುತ್ತವೆ. ಅಮಾವಾಸ್ಯೆಯ ಆಕಾಶ ಚೆಂದವೇ, ಆದರೆ ಮೊದಲ ಸಲದವರಿಗೆ ಕತ್ತಲು ಜಾಸ್ತಿಯಾಯಿತು. ಜೊತೆಗೆ ಅಮಾವಾಸ್ಯೆಯ ರಾತ್ರಿ ಮಕ್ಕಳನ್ನು ಮನೆಯಿಂದಾಚೆ ಮಲಗಿಸಲು ಎಷ್ಟು ಮನೆಯವರು ಒಪ್ಪುತ್ತಾರೆ ಎಂಬುದು ನಿಮಗೇ ಗೊತ್ತು. ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ ಉಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಅದರ ಕಾಲ ಚಳಿಗಾಲದಿಂದ ಮಳೆ ಹಿಡಿಯುವವರೆಗೆ. ಅಂದರೆ ಶಿಬಿರಕ್ಕೆ ಹೇಳಿಮಾಡಿಸಿದ ತಿಂಗಳುಗಳೇ ಅದಕ್ಕೂ ಬೇಕು. ಕಾಡಂಚಿನ ಶಾಲೆಯಾದರೆ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಮಕ್ಕಳನ್ನು ಹಚ್ಚಬೇಡಿ, ಊರವರು ಸೊಪ್ಪು ತರುವ ಸೊಪ್ಪಿನ ಬೆಟ್ಟದ ಕಡೆ ‘ಪ್ರಕೃತಿ ನಡಿಗೆ’ ಇಟ್ಟುಕೊಳ್ಳಬೇಡಿ. ಮಂಗ ಸತ್ತ ಸುದ್ದಿ ಇದ್ದರೆ ಶಿಬಿರವನ್ನೇ ಮುಂದಕ್ಕೆ ಹಾಕಿ.

ಇನ್ನು ಮಾತಿನ ಪಾಠ. ಶಿಬಿರಕ್ಕೆ ಐದಾರು ವಾರ ಮೊದಲೇ ಇದು ಶುರುವಾಗಬೇಕು. ಬೋರ್ಡಿನ ಮೇಲೆ ಐದು ವಾಕ್ಯ ಬರೆಯಿರಿ, ಪುಸ್ತಕದ ಕನ್ನಡದಲ್ಲಲ್ಲ, ಮಕ್ಕಳ ಬಾಯಲ್ಲಿ ಬರುವಂತೆಯೇ: ‘ಮಿಸ್, ಒಂದಕ್ಕೆ ಹೋಗ್ಬೇಕು, ಜೊತೆಗೆ ಬನ್ನಿ.’ ‘ಸಾರ್, ಹೊದಿಕೆ ಸಾಲ್ತಿಲ್ಲ.’ ‘ನಂಗೆ ಹೆದ್ರಿಕೆ ಆಗ್ತಿದೆ.’ ‘ಇಲ್ಲಿ ನೋಯ್ತಿದೆ’, ಬೆರಳಿಟ್ಟು ತೋರಿಸಿ. ‘ಇವರು ಹೀಗೆ ಮಾಡ್ತಿರೋದು ನಂಗೆ ಇಷ್ಟ ಇಲ್ಲ.’ ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ತಮ್ಮೂರಿನ ಮಾತಿಗೆ ಇದನ್ನು ತಿರುಗಿಸಿಕೊಳ್ಳಲಿ. ಐದನೆಯ ವಾಕ್ಯವನ್ನು ನಾಚಿಕೆಪಟ್ಟು ಬಿಟ್ಟುಬಿಡುವ ಶಿಕ್ಷಕರೇ ಹೆಚ್ಚು. ಬಿಡಬಾರದು. ಅದನ್ನು ಯಾರ ಬಗ್ಗೆಯಾದರೂ, ದೊಡ್ಡವರ ಬಗ್ಗೆಯೂ, ಹೇಳಬಹುದು ಎಂದು ಬಿಡಿಸಿ ತಿಳಿಸಬೇಕು. ಹೇಳಿದರೆ ಯಾರೂ ಬೈಯುವುದಿಲ್ಲ ಅಂತಲೂ, 1098 ಎಂಬ ಮಕ್ಕಳ ಸಹಾಯವಾಣಿ ಇದೆ ಅಂತಲೂ ಗೊತ್ತಿರಬೇಕು.

ವಾಕ್ಯ ಬಾಯಿಪಾಠವಾದರೆ ಅರ್ಧ ಕೆಲಸವಷ್ಟೇ ಆಯಿತು. ಮಕ್ಕಳಿಗೆ ನಿಜವಾಗಿ ಕಷ್ಟವಾಗುವುದು ನಿದ್ದೆಯಲ್ಲಿರುವ ಮೇಷ್ಟ್ರನ್ನು ಎಬ್ಬಿಸುವುದು. ಹಗಲೆಲ್ಲ ‘ಸುಮ್ನಿರಿ’ ಅನ್ನಿಸಿಕೊಂಡ ಮಗು ರಾತ್ರಿ ಎರಡಕ್ಕೆ ಅದೇ ಮೇಷ್ಟ್ರ ಭುಜ ಹೇಗೆ ತಟ್ಟೀತು? ಅದಕ್ಕೇ ತರಗತಿಯಲ್ಲಿ ಒಂದು ಆಟ. ಮೇಷ್ಟ್ರು ಜಮಖಾನದ ಮೇಲೆ ಮಲಗಿ ಗೊರಕೆ ಹೊಡೆಯುತ್ತಾರೆ. ಒಬ್ಬೊಬ್ಬರೇ ಬಂದು ಭುಜ ತಟ್ಟಿ, ತಮ್ಮ ಹೆಸರು ಹೇಳಿ, ವಾಕ್ಯ ಹೇಳಬೇಕು. ಒಮ್ಮೆ ತಟ್ಟಿದರೆ ಅವರು ಏಳುವುದಿಲ್ಲ. ಎರಡನೆಯ, ಮೂರನೆಯ ಸಲ ಜೋರಾಗಿ ತಟ್ಟಬೇಕು. ತರಗತಿಯೆಲ್ಲ ಬಿದ್ದು ಬಿದ್ದು ನಗುತ್ತದೆ, ನಗಲಿ. 30 ಮಕ್ಕಳಿಗೂ ಒಮ್ಮೊಮ್ಮೆ ಸರದಿ ಬರಲು ಎರಡು ಪಿರಿಯಡ್ ಹಿಡಿಯುತ್ತದೆ. ಸದಾ ಕೈ ಎತ್ತುವ ಆರು ಮಂದಿಯಿಂದ ಮಾಡಿಸಿ ಮುಗಿಸಿದರೆ ರಾತ್ರಿ ಸಿಕ್ಕಿಬೀಳುವುದು ಉಳಿದ ಇಪ್ಪತ್ತನಾಲ್ಕು ಮಂದಿ.

ಮನೆಮಾತು ಬೇರೆಯಿರುವ ಮಕ್ಕಳ ವಿಷಯ ಬೇರೆ. ಉರ್ದು, ತೆಲುಗು, ಲಂಬಾಣಿ, ಮರಾಠಿ, ತುಳು ಮಾತಾಡುವ ಮನೆಯ ಮಗು ಹಗಲು ಎಷ್ಟೇ ಚೆನ್ನಾಗಿ ಕನ್ನಡ ಆಡಲಿ, ನಿದ್ದೆಗಣ್ಣಿನಲ್ಲಿ ಬರುವುದು ಮನೆಮಾತೇ. ಆದ್ದರಿಂದ ಆ ಐದು ವಾಕ್ಯಗಳನ್ನು ಆ ಮಕ್ಕಳಿಂದಲೇ ಅವರ ಮಾತಿನಲ್ಲಿ ಹೇಳಿಸಿ, ಕನ್ನಡ ಲಿಪಿಯಲ್ಲಿ ಚಾರ್ಟ್ ಮೇಲೆ ಬರೆದು, ರಾತ್ರಿ ಉಳಿಯುವ ದೊಡ್ಡವರು ಕಲಿಯಬೇಕು. ಮಕ್ಕಳು ಮೇಷ್ಟ್ರಿಗೆ ಪಾಠ ಮಾಡುವ ಈ ಒಂದು ಪಿರಿಯಡ್ಡಿನಿಂದ ಆಗುವ ಉಪಯೋಗ ಶಿಬಿರಕ್ಕಷ್ಟೇ ಸೀಮಿತವಲ್ಲ, ಆ ಮಾತು ಇಲ್ಲಿ ಬೇಡ.

ಬ್ಯಾಗ್ ಕಟ್ಟುವುದು ಗಣಿತದ ಪಾಠ. ನಮ್ಮ ರಾಜ್ಯದಲ್ಲಿ 3ರಿಂದ 5ನೇ ತರಗತಿಯ ಶಾಲಾ ಬ್ಯಾಗಿಗೆ ಇಟ್ಟಿರುವ ಮಿತಿ 2ರಿಂದ 3 ಕಿಲೋ. ಶಿಬಿರದ ಬ್ಯಾಗಿಗೂ ಅದೇ ಮಿತಿ ಇಡಿ. ಹಾಸಲು ಒಂದು ಬೆಡ್‌ಶೀಟ್, ಹೊದೆಯಲು ಒಂದು ಹೊದಿಕೆ, ರಾತ್ರಿಗೆ ಒಂದು ಜೊತೆ ಬಟ್ಟೆ, ಬೆಳಿಗ್ಗೆಗೆ ಒಂದು, ಒಳಉಡುಪು ಎರಡು, ಸ್ವೆಟರ್, ಟೋಪಿ, ಟವೆಲ್, ತಟ್ಟೆ, ಲೋಟ, ಬ್ರಷ್, ಟಾರ್ಚ್, ಹವಾಯಿ ಚಪ್ಪಲಿ, ನೀರಿನ ಬಾಟಲಿ. ಇಷ್ಟರಲ್ಲಿ ಒಂದೊಂದನ್ನೂ ಕೈಯಲ್ಲಿ ಹಿಡಿದು ತೂಕ ಅಂದಾಜು ಮಾಡಿ ಬರೆದುಕೊಂಡು, ಆಮೇಲೆ ಅಂಗಡಿಯಿಂದ ಎರವಲು ತಂದ ತಕ್ಕಡಿಯಲ್ಲಿ ತೂಗಬೇಕು. ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸವೇ ಆ ದಿನದ ಕಳೆಯುವ ಲೆಕ್ಕ. ಎಲ್ಲರೂ ಎಡವುವುದು ಎರಡು ಕಡೆ. ನೀರು ತುಂಬಿದ 1 ಲೀಟರ್ ಬಾಟಲಿ ಒಂದು ಕಿಲೋ ದಾಟುತ್ತದೆಂದು ಯಾರೂ ಊಹಿಸುವುದಿಲ್ಲ. ಮೆತ್ತಗಿರುವುದೆಲ್ಲ ಹಗುರ ಎಂಬ ನಂಬಿಕೆಯಲ್ಲಿ ಕಂಬಳಿ, ಕೌದಿಗಳನ್ನು ಅರ್ಧ ಕಿಲೋ ಅನ್ನುತ್ತಾರೆ. ತಕ್ಕಡಿಯಲ್ಲಿಟ್ಟಾಗ ಮಿತಿಯೆಲ್ಲ ಕಂಬಳಿಯೊಂದಕ್ಕೇ ಮುಗಿಯಿತೆಂದು ಗೊತ್ತಾಗುತ್ತದೆ. ಆಮೇಲೆ ಪರಿಹಾರವನ್ನು ಅವರೇ ಹುಡುಕುತ್ತಾರೆ: ಬಾಟಲಿ ಖಾಲಿ ತರುವುದು, ಹೊದಿಕೆಯನ್ನು ಬೇರೆ ಸುರುಳಿ ಕಟ್ಟುವುದು.

ಸುರುಳಿ ಕಟ್ಟುವುದು ಹೇಗೆ ಅಂದರೆ, ಹೊದಿಕೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಒಂದು ತುದಿಯಿಂದ ಮಂಡಿಯೂರಿ ಒತ್ತಿ ಒತ್ತಿ ಸುತ್ತುತ್ತಾ ಬರಬೇಕು. ಸಡಿಲವಾಗಿ ಸುತ್ತಿದರೆ ಹಗ್ಗ ಎಷ್ಟೇ ಬಿಗಿದರೂ ನಡುವಿನ ಪದರ ಬಸವನಹುಳುವಿನ ಹಾಗೆ ಹೊರಗೆ ಇಣುಕುತ್ತದೆ. ಒಂದೂವರೆ ಮೀಟರಿನ ಎರಡು ನೂಲಿನ ಹಗ್ಗ ಸಾಕು. ನೈಲಾನ್ ಬೇಡ, ಜಾರುತ್ತದೆ. ಗಂಟು ಸ್ಕೌಟಿನವರ ರೀಫ್ ಗಂಟು: ಬಲದ ಎಳೆ ಎಡದ ಮೇಲೆ ಹಾಯ್ದು ಒಂದು ಸುತ್ತು, ಆಮೇಲೆ ಎಡದ ಎಳೆ ಬಲದ ಮೇಲೆ ಹಾಯ್ದು ಇನ್ನೊಂದು ಸುತ್ತು. ಎರಡೂ ಸಲ ಬಲವೇ ಮೇಲೆ ಹೋದರೆ ತುದಿಗಳು ಅಡ್ಡಡ್ಡ ನಿಲ್ಲುತ್ತವೆ, ಎಳೆದಾಗ ಗಂಟು ಜಾರುತ್ತದೆ ಅಥವಾ ಬಿಚ್ಚಲಾಗದಂತೆ ಬಿಗಿಯುತ್ತದೆ. ಸರಿಯಾಗಿ ಬಿದ್ದಿದ್ದರೆ ಒಂದು ತುದಿಯನ್ನು ಹಿಂದಕ್ಕೆ ಎಳೆದಾಗ ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ಕಲಿಸುವಾಗ ಎರಡು ಬಣ್ಣದ ಹಗ್ಗ ಕಟ್ಟಿಕೊಂಡರೆ ಯಾವ ಎಳೆ ಎಲ್ಲಿ ಹೋಯಿತೆಂದು ಹಿಂದಿನ ಬೆಂಚಿಗೂ ಕಾಣುತ್ತದೆ. ಶಾಲೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಚಿಕ್ಕ ಮಕ್ಕಳ ವಿಭಾಗವಾದ ಕಬ್ ಅಥವಾ ಬುಲ್‌ಬುಲ್ ತಂಡ ಇದ್ದರೆ ಈ ಕೆಲಸ ಅವರಿಗೇ ಬಿಡಿ. ಆರಾರು ಮಕ್ಕಳ ಗುಂಪಿಗೆ ಅವರು ‘ಸಿಕ್ಸ್’, ಗುಂಪಿನ ಮುಂದಾಳಿಗೆ ‘ಸಿಕ್ಸರ್’ ಅನ್ನುತ್ತಾರೆ. ನಮ್ಮ 30 ಮಕ್ಕಳಿಗೆ ಅದೇ ಲೆಕ್ಕದಲ್ಲಿ ಐದು ಗುಂಪು, ಗುಂಪಿಗೊಬ್ಬ ದೊಡ್ಡವರು.

ಬ್ಯಾಗಿನ ವಿಷಯದಲ್ಲಿ ಒಂದು ನಿಯಮ ಮಾತ್ರ ಸಡಿಲಿಸಬಾರದು. ಕಟ್ಟಬೇಕಾದದ್ದು ಮಗು, ಅಮ್ಮ ಅಲ್ಲ. ಅಮ್ಮ ಅಚ್ಚುಕಟ್ಟಾಗಿ ಕಟ್ಟಿಕೊಟ್ಟ ಬ್ಯಾಗಿನಲ್ಲಿ ಟವೆಲ್ ಎಲ್ಲಿದೆ ಎಂದು ಮಗುವಿಗೆ ಗೊತ್ತಿರುವುದಿಲ್ಲ. ಎಲ್ಲವನ್ನೂ ನೆಲಕ್ಕೆ ಸುರಿಯುತ್ತದೆ. ಅರ್ಧ ಗಂಟೆಯಲ್ಲಿ ಆರು ಮಕ್ಕಳ ಬಟ್ಟೆ ಒಂದೇ ಗುಡ್ಡೆ. ಹಿಂದಿನ ವಾರ ತರಗತಿಯಲ್ಲಿ ಪರೀಕ್ಷೆ ಮಾಡಿ: ಕಣ್ಣು ಕಟ್ಟಿಕೊಂಡು ಒಂದು ನಿಮಿಷದಲ್ಲಿ ಟಾರ್ಚ್, ಟವೆಲ್, ರಾತ್ರಿ ಬಟ್ಟೆ ತೆಗೆಯಬೇಕು. ಕೊನೆಗೆ ಬೇಕಾದದ್ದು ತಳಕ್ಕೆ, ಮೊದಲು ಬೇಕಾದದ್ದು ಮೇಲಕ್ಕೆ ಎಂಬುದನ್ನು ಎರಡನೆಯ ಸಲಕ್ಕೆ ಮಕ್ಕಳೇ ಕಂಡುಕೊಳ್ಳುತ್ತಾರೆ. ಸ್ಟೀಲ್ ತಟ್ಟೆಗೆ ಹೆಸರು ಕೆತ್ತಿಸಿರದಿದ್ದರೆ ಬಣ್ಣದ ಗುರುತು ಹಾಕಿ. ಮೂವತ್ತು ತಟ್ಟೆ ಒಟ್ಟಿಗೆ ತೊಳೆದಿಟ್ಟ ಮೇಲೆ ಯಾರದ್ದು ಯಾವುದೆಂದು ಬ್ರಹ್ಮನಿಗೂ ತಿಳಿಯದು.

ಊಟದ ಲೆಕ್ಕಕ್ಕೆ ಅಕ್ಷರ ದಾಸೋಹದ ಅಳತೆ ಕೈಯಲ್ಲೇ ಇದೆ. 1ರಿಂದ 5ನೇ ತರಗತಿಯ ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ. 6ರಿಂದ 8ನೇ ತರಗತಿಗೆ ಅದರ ಒಂದೂವರೆ ಪಟ್ಟು. ದೊಡ್ಡವರಿಗೂ ಅದನ್ನೇ ಹಿಡಿಯಬಹುದು. 30 ಮಕ್ಕಳಿಗೆ 3 ಕಿಲೋ ಅಕ್ಕಿ, ಐವರು ದೊಡ್ಡವರಿಗೆ 750 ಗ್ರಾಂ, ಒಟ್ಟು 4 ಕಿಲೋ ಎಂದು ಇಟ್ಟುಕೊಳ್ಳಿ. ಬೇಳೆ 750 ಗ್ರಾಂ, ತರಕಾರಿ 2 ಕಿಲೋ. ಗುಣಾಕಾರವೆಲ್ಲ ಮಕ್ಕಳೇ ಮಾಡಲಿ, ಅಂಗಡಿಯ ಚೀಟಿಯನ್ನೂ ಅವರೇ ಬರೆಯಲಿ. ದಾಸೋಹದ ಕೋಣೆಯ ಅಕ್ಕಿಗೆ ಮಾತ್ರ ಕೈ ಹಾಕಬೇಡಿ, ಅದು ಮಧ್ಯಾಹ್ನದ ಲೆಕ್ಕದ್ದು. ರಾತ್ರಿಯದ್ದನ್ನು ಎಸ್‌ಡಿಎಂಸಿಯೋ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಊರಿನ ದಾನಿಗಳೋ ಕೊಡಬೇಕು. ಅಡುಗೆ ಅನ್ನ, ತರಕಾರಿ ಸಾರು, ಬೆಳಿಗ್ಗೆ ಉಪ್ಪಿಟ್ಟು. ಅಷ್ಟೇ. ಉತ್ತರದ ಕಡೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಮನೆಯಿಂದ ತಂದರೆ ಇನ್ನೂ ಸಲೀಸು, ಎರಡೂ ಕೆಡುವುದಿಲ್ಲ. ಕಾಯಿಚಟ್ನಿ ಬೇಡ, ಸಂಜೆ ರುಬ್ಬಿದ್ದು ಬೆಳಿಗ್ಗೆಗೆ ಹಳಸಿರುತ್ತದೆ. ಸಂಭ್ರಮಕ್ಕೆಂದು ಊರವರು ಕಳಿಸುವ ಹಾಲಿನ ಸಿಹಿಯೂ ರಾತ್ರಿಗೆ ಬೇಡ. ಮನೆಯಿಂದ ಬರುವ ಚಕ್ಕುಲಿ, ಕುರ್ಕುರೆ ಪೊಟ್ಟಣಗಳನ್ನು ನಿಷೇಧಿಸಿದರೆ ಅವು ದಿಂಬಿನ ಕೆಳಗೆ ಸೇರಿ ಇರುವೆ, ಇಲಿ ಕರೆಯುತ್ತವೆ. ಎಲ್ಲರ ತಿಂಡಿಯನ್ನೂ ಒಂದೇ ಡಬ್ಬಿಗೆ ಸುರಿದು ಸಂಜೆ ಐದಕ್ಕೆ ಹಂಚಿ ಮುಗಿಸಿ.

ಅನ್ನ ಸಾಲದೇ ಹೋಗುವುದು ಅಪರೂಪ, ನೀರು ಸಾಲದೇ ಹೋಗುವುದು ಮಾಮೂಲು. ತಲೆಗೆ 15 ಲೀಟರ್ ಬೇಕು: ಕುಡಿಯಲು 2, ಅಡುಗೆ ಮತ್ತು ಪಾತ್ರೆಗೆ 1, ಕೈ-ತಟ್ಟೆ ತೊಳೆಯಲು 2, ಬೆಳಿಗ್ಗೆ ಮುಖಕ್ಕೆ 2, ಉಳಿದ 8 ಶೌಚಾಲಯಕ್ಕೆ. ಕೊಡವನ್ನು ಲೀಟರ್ ಬಾಟಲಿಯಿಂದ ತುಂಬಿಸಿ ಅಳೆಯುವುದು ಅಳತೆಯ ಪಾಠ. ದೊಡ್ಡ ಪ್ಲಾಸ್ಟಿಕ್ ಕೊಡ 15 ಲೀಟರಿನ ಆಸುಪಾಸು ಹಿಡಿಯುತ್ತದೆ, ಅಂದರೆ ತಲೆಗೊಂದು ಕೊಡ. 35 ಜನಕ್ಕೆ 525 ಲೀಟರ್. ಶಾಲೆಯ ಟ್ಯಾಂಕ್ 500 ಲೀಟರಿನದಾದರೆ ಆಗಲೇ ಕೊರತೆ ಬಿತ್ತು. ಅದೂ ಅಲ್ಲದೆ ಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆಂದು ಮೊದಲೇ ವಿಚಾರಿಸಿ, ಮಧ್ಯಾಹ್ನವೇ ಟ್ಯಾಂಕ್ ತುಂಬಿಸಿ, ಡ್ರಮ್ಮೊಂದನ್ನು ಶೌಚಾಲಯದ ಬಾಗಿಲಲ್ಲೇ ತುಂಬಿಡಬೇಕು. ಸಂಜೆ ನೋಡೋಣ ಅಂದವರಿಗೆ ಸಂಜೆ ಕರೆಂಟ್ ಇರುವುದಿಲ್ಲ.

ಶೌಚಾಲಯದ ದಾರಿಗೆ ನಕ್ಷೆ ಬೇಕು. ಪರಿಸರ ಅಧ್ಯಯನದಲ್ಲಿ ದಿಕ್ಕು, ನಕ್ಷೆ ಕಲಿಸುವಾಗ ಇದನ್ನೇ ಬರೆಸಿ: ಮಲಗುವ ಕೋಣೆ, ಮಿಸ್ ಮಲಗುವ ಜಾಗ, ಬಾಗಿಲು, ಮೆಟ್ಟಿಲು, ನಲ್ಲಿ, ಶೌಚಾಲಯ, ನಡುವೆ ಎಷ್ಟು ಹೆಜ್ಜೆ. ಹೆಜ್ಜೆ ಎಣಿಸಿದವರು ಕತ್ತಲಲ್ಲಿ ಮೆಟ್ಟಿಲು ತಪ್ಪುವುದಿಲ್ಲ. ಶಿಬಿರಕ್ಕೆ ಒಂದೆರಡು ವಾರ ಮೊದಲು ಒಂದು ಸಂಜೆ ಏಳರವರೆಗೆ ಮಕ್ಕಳನ್ನು ಉಳಿಸಿಕೊಂಡು ಆ ದಾರಿಯಲ್ಲಿ ಟಾರ್ಚ್ ಹಿಡಿದು ನಡೆಸಬೇಕು, ಬಾಗಿಲ ಚಿಲಕವನ್ನು ಒಳಗಿನಿಂದ ಹಾಕಿ ತೆಗೆಸಬೇಕು. ಬಿಗಿಯಾದ ಚಿಲಕ ಹಗಲು ಯಾರಿಗೂ ಗೊತ್ತಾಗುವುದಿಲ್ಲ, ಹಗಲು ಬಾಗಿಲ ಹೊರಗೆ ಗೆಳತಿ ನಿಂತಿರುತ್ತಾಳಲ್ಲ. ಒಳಗೆ ಬಲ್ಬ್, ಬಕೆಟ್, ಮಗ್ಗು, ಸಾಬೂನು. ರಾತ್ರಿ ಹೋಗುವಾಗ ಮಗು ಒಬ್ಬೊಂಟಿಯಾಗಿ ಹೋಗಬಾರದು, ಒಬ್ಬ ದೊಡ್ಡವರ ಜೊತೆ ಒಂಟಿಯಾಗಿಯೂ ಹೋಗಬಾರದು: ಇಬ್ಬರು ಮಕ್ಕಳು, ಒಬ್ಬ ದೊಡ್ಡವರು. ದೊಡ್ಡವರು ಹೊರಗೇ ನಿಲ್ಲಬೇಕು. ಹೆಣ್ಣುಮಕ್ಕಳಿಗೆ ಶಿಕ್ಷಕಿಯೇ ಇರಬೇಕು. ರಾತ್ರಿ ಉಳಿಯುವ ಐವರಲ್ಲಿ ಕನಿಷ್ಠ ಇಬ್ಬರು ಹೆಂಗಸರಿಲ್ಲದಿದ್ದರೆ ಶಿಬಿರವೇ ಬೇಡ.

ಹಾಸಿಗೆ ಒದ್ದೆಯಾಗುವ ಮಾತನ್ನು ಯಾರೂ ಎತ್ತುವುದಿಲ್ಲ. ಏಳು ವರ್ಷದ ಮಕ್ಕಳಲ್ಲೇ ನೂರಕ್ಕೆ 5ರಿಂದ 10 ಮಂದಿಗೆ ಇದು ಇರುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಮೂವತ್ತರ ಗುಂಪಿನಲ್ಲಿ ಒಬ್ಬರಾದರೂ ಇದ್ದಾರೆ ಅಂದುಕೊಂಡೇ ತಯಾರಾಗಬೇಕು. ಪೋಷಕರಿಂದ ಬರುವ ಚೀಟಿಯಲ್ಲಿ ಇದಕ್ಕೆ ಒಂದು ಸಾಲು ಇರಲಿ, ಅದು ತರಗತಿ ಶಿಕ್ಷಕಿಯ ಕೈಗೆ ಮಾತ್ರ ಸೇರಲಿ. ಪ್ಲಾಸ್ಟಿಕ್ ಹಾಳೆಯನ್ನು ಎಲ್ಲರ ಜಮಖಾನದ ಕೆಳಗೂ ಹಾಸಿ. ಒಬ್ಬರಿಗೇ ಹಾಸಿದರೆ ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತು. ಒಂಬತ್ತೂವರೆಗೆ ಎಲ್ಲರನ್ನೂ ಒಂದಕ್ಕೆ ಕಳಿಸಿ, ಹನ್ನೊಂದೂವರೆಗೆ ಬೇಕಾದವರನ್ನು ಮೆಲ್ಲಗೆ ಎಬ್ಬಿಸಿ. ನೀರು ಕುಡಿಯುವುದನ್ನು ತಡೆಯಬೇಡಿ, ಊಟವನ್ನೇ ಏಳು ಗಂಟೆಗೆ ಮುಗಿಸಿ. ಎರಡು ಮೂರು ಜೊತೆ ಚಡ್ಡಿ, ಲಂಗ ಶಿಕ್ಷಕಿಯ ಬ್ಯಾಗಿನಲ್ಲಿರಲಿ.

ಮಲಗುವ ಕೋಣೆ ಆರಿಸುವಾಗ ಗಾಳಿ ಬೆಳಕಿಗಿಂತ ಮೊದಲು ನೋಡಬೇಕಾದದ್ದು ಪಕ್ಕದ ಕೋಣೆ ಯಾವುದು ಎಂಬುದನ್ನು. ಅಕ್ಕಿ ಮೂಟೆ ಇರುವಲ್ಲಿ ಇಲಿ, ಇಲಿ ಇರುವಲ್ಲಿ ಹಾವು. ದಾಸೋಹದ ಸ್ಟೋರಿನ ಪಕ್ಕ, ಮುರಿದ ಬೆಂಚು ಪೇರಿಸಿದ ಕೋಣೆಯ ಪಕ್ಕ ಮಲಗಿಸಬೇಡಿ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಹೊತ್ತು ಕಚ್ಚುವುದರಲ್ಲಿ ಕಟ್ಟುಹಾವು ಕುಖ್ಯಾತ. ಅದರ ಕಡಿತ ನೋಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಮಗು ನಡುರಾತ್ರಿ ಹೊಟ್ಟೆನೋವು ಅಂದು, ಆಮೇಲೆ ರೆಪ್ಪೆ ಜೋತುಬೀಳುತ್ತಿದ್ದರೆ ಜೀರಿಗೆ ಕಷಾಯ ಕಾಯಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ವಿಷ ನಿರೋಧಕ ಚುಚ್ಚುಮದ್ದು ರಾತ್ರಿಯೂ ಸಿಗುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದೆಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಇಷ್ಟು ಓದಿ ಹೆದರಬೇಕಿಲ್ಲ, ತಡೆಯುವುದು ಸುಲಭ: ಕೋಣೆ ಗುಡಿಸಿ, ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಸುತ್ತಿ ತುರುಕಿ, ಹಾಸಿಗೆ ಕೊಡವಿ ಹಾಸಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಕಿಟಕಿಗಳನ್ನು ಸೂರ್ಯ ಮುಳುಗುವ ಮೊದಲೇ ಮುಚ್ಚಿದರೆ ಅರ್ಧ ಸೊಳ್ಳೆ ಒಳಗೇ ಬರುವುದಿಲ್ಲ. ಮೂವತ್ತು ಮಕ್ಕಳು ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿಡಬೇಡಿ, ಹೊಗೆಗೆ ಕೆಮ್ಮು ಹತ್ತುತ್ತದೆ. ಬಾಗಿಲ ಪಕ್ಕದ ಹಾಸಿಗೆ ದೊಡ್ಡವರದ್ದು.

ಕತ್ತಲಿನ ಹೆದರಿಕೆಯಲ್ಲಿ ದೊಡ್ಡ ಪಾಲು ಸದ್ದಿನದು, ಅದೂ ಹೆಸರು ಗೊತ್ತಿಲ್ಲದ ಸದ್ದಿನದು. ಮನೆಯಲ್ಲಿ ರಾತ್ರಿ ಊಟದ ಮೇಲೆ ಹತ್ತು ನಿಮಿಷ ಜಗುಲಿಯಲ್ಲಿ ಕೂತು ಕೇಳಿದ ಸದ್ದುಗಳನ್ನು ಬರೆದು ತರುವ ಹೋಂವರ್ಕ್ ಕೊಡಿ. ಜೀರುಂಡೆ, ಹಲ್ಲಿಯ ಲೊಚಗುಟ್ಟುವಿಕೆ, ದೂರದ ಪಂಪ್‌ಸೆಟ್, ನಾಯಿ, ಟಿಟ್ಟಿಭ. ಹಾಲಕ್ಕಿಯ ಕಿಚಕಿಚ ಬಂದಾಗ ಬುಡುಬುಡಿಕೆಯವರ ‘ಹಾಲಕ್ಕಿ ನುಡಿತೈತೆ’ಯೂ ಬರುತ್ತದೆ, ಶಕುನದ ಮಾತೂ ಬರುತ್ತದೆ. ಅದು ಹುಳಹುಪ್ಪಟೆ, ಇಲಿಮರಿ ಹಿಡಿದು ತಿನ್ನುವ ಪುಟ್ಟ ಗೂಬೆ ಎಂದು ಆಗಲೇ ಹೇಳಿಬಿಡಬೇಕು. ಶಿಬಿರದ ರಾತ್ರಿ ಅದೇ ಸದ್ದು ಕೇಳಿದಾಗ ಮಕ್ಕಳು ಕಿರುಚುವ ಬದಲು ಪಟ್ಟಿಗೆ ಟಿಕ್ ಹಾಕುತ್ತಾರೆ.

ಆಕಾಶ ನೋಡಲು ಊಟವಾದ ಮೇಲೆ ಎಂಟು ಗಂಟೆ ಸರಿಯಾದ ಹೊತ್ತು. ಕಣ್ಣು ಕತ್ತಲಿಗೆ ಒಗ್ಗಲು 20 ನಿಮಿಷವಾದರೂ ಬೇಕು. ನಡುವೆ ಯಾರಾದರೂ ಮೊಬೈಲ್ ತೆಗೆದರೆ ಮತ್ತೆ ಮೊದಲಿನಿಂದ. ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಹಾಳೆ ಕಟ್ಟಿ. ಆ ಹೊತ್ತಿಗೆ ರೋಹಿಣಿ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಕೆಂಪಗೆ. ಅದರ ಪಶ್ಚಿಮಕ್ಕೆ ಕೃತ್ತಿಕೆಯ ಗೊಂಚಲು, ಪೂರ್ವಕ್ಕೆ ಮೃಗಶಿರ, ಆರಿದ್ರಾ. ಇವೆಲ್ಲ ಮಕ್ಕಳು ಅಜ್ಜನ ಬಾಯಲ್ಲಿ ಮಳೆಯ ಹೆಸರಾಗಿ ಕೇಳಿದವೇ. ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಇದೆ: ರೋಹಿಣಿ ಮಳೆ ಬರುವ ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಮೋಡವಿಲ್ಲದಿದ್ದರೂ ರೋಹಿಣಿ ನಕ್ಷತ್ರ ಏಕೆ ಕಾಣುವುದಿಲ್ಲ? ಸೂರ್ಯ ಆಗ ಅದರ ಹತ್ತಿರವೇ ಇರುತ್ತಾನೆ, ಅದು ಅವನ ಜೊತೆಗೇ ಹುಟ್ಟಿ ಮುಳುಗುತ್ತದೆ. ಮಳೆಗೆ ಆ ಹೆಸರು ಬಂದದ್ದೂ ಅದಕ್ಕೇ. ಧ್ರುವ ನಕ್ಷತ್ರವನ್ನು ಮುಷ್ಟಿಯಿಂದ ಅಳೆಸಿ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ಮಗುವಿನ ಮುಷ್ಟಿ ಚಿಕ್ಕದಾದರೂ ತೋಳೂ ಮೋಟಾದ್ದರಿಂದ ಲೆಕ್ಕ ಸರಿಹೋಗುತ್ತದೆ. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿ ಮೇಲೆ, ಧಾರವಾಡದಲ್ಲಿ ಹದಿನೈದೂವರೆ, ಬೀದರದಲ್ಲಿ 18ರ ಹತ್ತಿರ. ಭೂಪಟದ ಅಕ್ಷಾಂಶ ಅದೇ. ಉತ್ತರಕ್ಕೆ ಮರವೋ ಕಟ್ಟಡವೋ ಅಡ್ಡವಿದ್ದರೆ ಕಾಣುವುದಿಲ್ಲ, ಹಿಂದಿನ ದಿನವೇ ಜಾಗ ನೋಡಿಡಿ.

ಮನೆಯ ನೆನಪು ಮಕ್ಕಳಿಗೆ ಆಡುವಾಗ ಬರುವುದಿಲ್ಲ, ದೀಪ ಆರಿಸಿದ ಮೇಲಿನ ಅರ್ಧ ಗಂಟೆಯಲ್ಲಿ ಬರುತ್ತದೆ. ಇದರ ತಯಾರಿ ಪೋಷಕರ ಸಭೆಯಲ್ಲೇ ಆಗಬೇಕು. ‘ಅಳು ಬಂದ್ರೆ ಫೋನ್ ಮಾಡ್ಸು, ಬಂದು ಕರ್ಕೊಂಡ್ ಹೋಗ್ತೀನಿ’ ಎಂದು ಪ್ರೀತಿಯಿಂದ ಹೇಳಿ ಕಳಿಸುತ್ತಾರೆ. ಆ ಮಗು ಸಂಜೆಯಿಂದ ಅದನ್ನೇ ಕಾಯುತ್ತದೆ. ಬದಲಿಗೆ ‘ನಾಳೆ ಒಂಬತ್ತಕ್ಕೆ ಗೇಟಲ್ಲಿ ಇರ್ತೀನಿ’ ಅನ್ನಲಿ. ಅದಕ್ಕೂ ಮೊದಲು ಅಜ್ಜಿ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಅಮ್ಮನಿಲ್ಲದೆ ಒಂದು ರಾತ್ರಿ ಕಳೆದಿರಲಿ. ಅಳುವ ಮಗುವಿಗೆ ‘ಇಷ್ಟು ದೊಡ್ಡವನಾಗಿ’ ಅನ್ನಬೇಡಿ, ಫೋನ್ ಹಚ್ಚಿಕೊಡಲೂ ಬೇಡಿ. ಅಮ್ಮನ ದನಿ ಕೇಳಿದರೆ ಅಳು ಇಮ್ಮಡಿ. ಪಕ್ಕ ಕೂತು ‘ನಿಮ್ಮನೇಲಿ ಈಗ ಯಾರ್ಯಾರು ಏನ್ ಮಾಡ್ತಿರ್ತಾರೆ ಹೇಳು’ ಎಂದು ಕೇಳಿ. ಹೇಳುತ್ತಾ ಹೇಳುತ್ತಾ ಬಹುಪಾಲು ಮಕ್ಕಳಿಗೆ ನಿದ್ದೆ ಹತ್ತುತ್ತದೆ. ಎಲ್ಲರಿಗೂ ಅಲ್ಲ. ಒಂದು ಗಂಟೆ ದಾಟಿದ ಮೇಲೂ ಬಿಕ್ಕುತ್ತಿದ್ದರೆ, ಜ್ವರ 100.4 ಡಿಗ್ರಿ ದಾಟಿದರೆ, ಎರಡು ಸಲ ವಾಂತಿಯಾದರೆ ಮನೆಯವರನ್ನು ಕರೆಸಿ, ಅದಕ್ಕೆ ನಾಚಬೇಕಿಲ್ಲ. ಪೋಷಕರು ಬರೆದುಕೊಟ್ಟ ಔಷಧ ಬಿಟ್ಟು ಬೇರೆ ಮಾತ್ರೆ ಕೊಡುವಂತಿಲ್ಲ. ಓಆರ್‌ಎಸ್ ಪೊಟ್ಟಣ ಇರಲಿ. ಮುಗಿದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದಲ್ಲಿ, ಮಟ್ಟಸವಾಗಿ.

ಒಪ್ಪಿಗೆ ಪತ್ರವನ್ನು ಅಚ್ಚು ಹಾಕಿಸಿ ಸಹಿ ತರಿಸಿದರೆ ಸಾಲದು, ಸಭೆಯಲ್ಲಿ ಓದಿ ಹೇಳಬೇಕು. ಬರುವ, ಹೋಗುವ ಹೊತ್ತು, ರಾತ್ರಿ ಉಳಿಯುವವರ ಹೆಸರು, ಕಾಯಿಲೆ, ಒಗ್ಗದ ತಿಂಡಿ, ಎರಡು ಫೋನ್ ನಂಬರು, ಬೆಳಿಗ್ಗೆ ಕರೆದೊಯ್ಯುವವರು ಯಾರು. ಹೆಣ್ಣುಮಕ್ಕಳ ತಾಯಂದಿರು ಸಭೆಯಲ್ಲಿ ಕೇಳದೆ ಮನೆಗೆ ಹೋಗಿ ಬೇಡ ಅಂದುಬಿಡುತ್ತಾರೆ, ಆದ್ದರಿಂದ ಅವರು ಕೇಳುವ ಮೊದಲೇ ಮಲಗುವ ಕೋಣೆ, ಶೌಚಾಲಯ, ಚಿಲಕ ಎಲ್ಲವನ್ನೂ ತೋರಿಸಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಬರಹದಲ್ಲಿರಲಿ.

ಬೆಳಿಗ್ಗೆ ಒಂಬತ್ತಕ್ಕೆ ಪತ್ರದಲ್ಲಿ ಹೆಸರಿದ್ದವರಿಗೆ ಮಾತ್ರ ಮಗುವನ್ನು ಒಪ್ಪಿಸಿ ಸಹಿ ತೆಗೆದುಕೊಳ್ಳಿ. ‘ನಾನು ಅವರ ಪಕ್ಕದ ಮನೆಯವನು’ ಅಂದವರಿಗೆ ಫೋನ್ ಮಾಡಿ ಕೇಳದೆ ಬೇಡ. ಸೋಮವಾರ ಮಕ್ಕಳು ಬ್ಯಾಗಿನ ಪಟ್ಟಿಯನ್ನು ಮತ್ತೆ ತೆಗೆಯಲಿ, ಬಳಸದೇ ಇದ್ದದ್ದನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಲಿ, ಬೇಕಿತ್ತು ಅನ್ನಿಸಿದ್ದನ್ನು ಕೆಳಗೆ ಸೇರಿಸಲಿ. ಆ ಮೂವತ್ತು ಪಟ್ಟಿಗಳನ್ನು ಬೀರುವಿನಲ್ಲಿಟ್ಟಿರಿ, ಮುಂದಿನ ವರ್ಷದ ನಾಲ್ಕನೇ ತರಗತಿಯವರಿಗೆ ಬೋರ್ಡಿನ ಪಟ್ಟಿಯ ಬದಲು ಅವನ್ನೇ ಹಂಚಬಹುದು.